ಬಿನ್ನಹವೋ ಅರ್ಜಿಯೋ ಠರಾವೋ?

ನಮ್ಮ ಕೂಟದ ಹಾಜರಿ ಪಟ್ಟಿ ತೆಗೆದು ನೋಡಿದರೆ ಅರ್ಧಕ್ಕರ್ಧ ಸಾಫ್ಟ್‌ವೇರಿನವರು. ಉಳಿದರ್ಧ ಸಾಫ್ಟ್‌ವೇರಿನವರನ್ನು ಮದುವೆಯಾದವರು! ಆದರೂ ನಮ್ಮ ಹೊಟ್ಟೆಪಾಡಿನ ವಿಷಯ ಈ ಪತ್ರಿಕೆಗೆ ಬರುವುದು ಅಪರೂಪ. ಕುವೆಂಪು, ಕಾರಂತ, ಅಡಿಗರ ನಡುವೆ ಕಂಪ್ಯೂಟರ್ ಭಾಷೆಗಳಿಗೆ ಎಲ್ಲಿಯ ಜಾಗ ಅಂತ ನಾವೇ ಸಂಕೋಚಪಟ್ಟು ಹಿಂದೆ ಸರಿಯುತ್ತೇವೆ. ಈ ಸಲ ಸಂಕೋಚ ಬಿಟ್ಟಿದ್ದೇನೆ. ವಿಷಯ ಮೇಲ್ನೋಟಕ್ಕೆ ತೀರಾ ಒಣ: ಒಂದು ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬದಲಾವಣೆ ಬೇಕು ಅಂತ ಕೇಳುವ ಕಾಗದಕ್ಕೆ, ಆ ಕೇಳುವ ಕ್ರಮಕ್ಕೆ, ಏನಂತ ಹೆಸರಿಡುವುದು? ಆದರೆ ಹೆಸರಿಡುವ ಕೆಲಸ ಅಂದಮೇಲೆ ಅದು ಸಾಹಿತ್ಯದವರದ್ದೂ ಹೌದಲ್ಲವೆ?

ಮೊದಲು ಇಂಥದೊಂದು ಕಾಗದ ಯಾಕೆ ಬೇಕು ಅನ್ನುವುದು. ಕನ್ನಡ ಬದಲಾಗುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಪಾಲು ಹಾಲಾದಾಗ, ಪೂ ಹೂವಾದಾಗ ಯಾರೂ ಅರ್ಜಿ ಗುಜರಾಯಿಸಲಿಲ್ಲ. ಜನರ ಬಾಯಲ್ಲಿ ತಾನಾಗಿ ಆಯಿತು, ವೈಯಾಕರಣರು ಆಮೇಲೆ ಬಂದು ಬರೆದುಕೊಂಡರು. ಪ್ರೋಗ್ರಾಮಿಂಗ್ ಭಾಷೆ ಹಾಗಲ್ಲ. ಅಲ್ಲಿ ಕೇಳಿಸಿಕೊಳ್ಳುವುದು ಯಂತ್ರ. ಅದಕ್ಕೆ ಅಂದಾಜು ಗೊತ್ತಿಲ್ಲ. ಒಂದು ಚಿಹ್ನೆಯ ಅರ್ಥ ಬದಲಾಯಿಸಿದರೆ ನಿನ್ನೆಯವರೆಗೆ ನಡೆಯುತ್ತಿದ್ದ ಅಸಂಖ್ಯ ಪ್ರೋಗ್ರಾಮುಗಳು ಇವತ್ತು ಕೈಕೊಡಬಹುದು. ಆದ್ದರಿಂದ ಯಾರಾದರೂ ಬರೆದು ಕೇಳಬೇಕು, ಬೇರೆಯವರು ಚರ್ಚಿಸಬೇಕು, ಯಾರೋ ಒಬ್ಬರು ಹೂಂ ಅಥವಾ ಊಹೂಂ ಅನ್ನಬೇಕು. ಆ ಕಾಗದಕ್ಕೆ ಒಂದು ನಮೂನೆ, ಒಂದು ಸಂಖ್ಯೆ, ಒಂದು ಹೆಸರು.

ಹೆಸರು ಯಾವುದಾದರೇನು ಅನ್ನುವವರು ನಮ್ಮ ಹಳೆಯ ಪುಸ್ತಕಗಳ ಮೊದಲ ಪುಟಗಳನ್ನು ನೆನಪಿಸಿಕೊಳ್ಳಬೇಕು. ಅರಿಕೆ, ವಿಜ್ಞಾಪನೆ, ಬಿನ್ನಹ, ಮುನ್ನುಡಿ, ಪ್ರಸ್ತಾವನೆ ಎಲ್ಲವೂ ಇರುವುದು ಅದೇ ಜಾಗದಲ್ಲಿ. ಆದರೆ 'ಬಿನ್ನಹ' ಅಂದಾಗ ಲೇಖಕ ಕೈಮುಗಿದು ನಿಂತಿದ್ದಾನೆ. 'ಪ್ರಸ್ತಾವನೆ' ಅಂದಾಗ ಕನ್ನಡಕ ಏರಿಸಿ ಕುರ್ಚಿಯಲ್ಲಿ ಕೂತಿದ್ದಾನೆ. ಬಿನ್ನಹ ಎನ್ನುವುದು ವಿಜ್ಞಾಪನದ ತದ್ಭವವೇ, ಆದರೂ ಎರಡರ ಭಂಗಿ ಬೇರೆ. ಓದುಗನಿಗೆ ಎಷ್ಟು ಸಲಿಗೆ, ಎಷ್ಟು ದೂರ ಅನ್ನುವುದನ್ನು ಆ ಒಂದು ಪದವೇ ಗೊತ್ತು ಮಾಡಿಬಿಡುತ್ತದೆ.

ಕಂಪ್ಯೂಟರ್ ಲೋಕದ ಆದ್ಯ ಬಿನ್ನಹ ಬರೆದವರು ಸ್ಟೀವ್ ಕ್ರಾಕರ್. ವರ್ಷ 1969, ಏಪ್ರಿಲ್ ತಿಂಗಳು. ಇಂಟರ್ನೆಟ್ಟಿನ ಅಜ್ಜಿಯಾದ ಅರ್ಪಾನೆಟ್ ಇನ್ನೂ ಹುಟ್ಟಿರಲಿಲ್ಲ. ಕಂಪ್ಯೂಟರುಗಳು ಪರಸ್ಪರ ಮಾತಾಡುವ ನಿಯಮಗಳನ್ನು ಕೆಲವು ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಸೇರಿಕೊಂಡು ಯೋಚಿಸುತ್ತಿದ್ದರು. ನಾವು ಹುಡುಗರು, ಅಧಿಕಾರವಿರುವ ದೊಡ್ಡವರು ಇಂದೋ ನಾಳೆಯೋ ಬಂದು 'ನೀವ್ಯಾರು ನಿಯಮ ಬರೆಯಲಿಕ್ಕೆ' ಅಂದಾರು ಎಂಬ ಅಳುಕು. ಕ್ರಾಕರ್ ಆಗ ಸ್ನೇಹಿತರ ಮನೆಯಲ್ಲಿ ಉಳಿದುಕೊಂಡಿದ್ದರು. ಅವರ ನಿದ್ದೆ ಕೆಡದಿರಲಿ ಅಂತ ರಾತ್ರಿ ಬಚ್ಚಲುಮನೆಯಲ್ಲಿ ಕೂತು ಬರೆದರಂತೆ. ಬರೆದದ್ದಕ್ಕೆ 'ನಿಯಮ' ಅನ್ನಲಿಲ್ಲ, 'ನಿರ್ಣಯ' ಅನ್ನಲಿಲ್ಲ. 'ರಿಕ್ವೆಸ್ಟ್ ಫಾರ್ ಕಾಮೆಂಟ್ಸ್' ಅಂದರು: ಅಭಿಪ್ರಾಯ ತಿಳಿಸಬೇಕಾಗಿ ಕೋರಿಕೆ. ಸಂಕ್ಷಿಪ್ತವಾಗಿ ಆರ್‌ಎಫ್‌ಸಿ. ಅಪ್ಪಟ ಬಿನ್ನಹ. ಆ ವಿನಯದಿಂದಲೇ ಎಲ್ಲೆಲ್ಲಿನ ವಿದ್ಯಾರ್ಥಿಗಳೂ ಧೈರ್ಯವಾಗಿ ಬರೆದರು. ತಮಾಷೆಯೆಂದರೆ ಇವತ್ತು ಆ ಸರಣಿ ಒಂಬತ್ತು ಸಾವಿರ ದಾಟಿದೆ, ಇಂಟರ್ನೆಟ್ಟಿನ ಕಾನೂನು ಅಂದರೆ ಅದೇ, ಮತ್ತು ಒಮ್ಮೆ ಪ್ರಕಟವಾದ ಆರ್‌ಎಫ್‌ಸಿಯ ಒಂದಕ್ಷರವನ್ನೂ ತಿದ್ದುವ ಹಾಗಿಲ್ಲ! ತಪ್ಪಿದ್ದರೆ ಪಕ್ಕದಲ್ಲಿ ತಪ್ಪೊಪ್ಪೋಲೆ ಹಚ್ಚಬೇಕು, ಇಲ್ಲವೆ ಹೊಸ ಸಂಖ್ಯೆಯಲ್ಲಿ ಹೊಸದು ಬರೆಯಬೇಕು. ಅಭಿಪ್ರಾಯ ಕೇಳುವ ಹೆಸರು, ಶಿಲಾಶಾಸನದ ಸ್ವಭಾವ.

ಮುಂದೆ ಪ್ರೋಗ್ರಾಮಿಂಗ್ ಭಾಷೆಗಳಿಗೂ ಇಂಥ ಕ್ರಮ ಬೇಕಾಯಿತು. 2000ದಲ್ಲಿ ಪೈಥಾನ್ ಭಾಷೆಗೆ ಬ್ಯಾರಿ ವಾರ್ಸಾ ಒಂದು ಹೆಸರು ಕೊಟ್ಟರು: ಪೆಪ್. ಬಿಡಿಸಿದರೆ 'ಪೈಥಾನ್ ಎನ್‌ಹ್ಯಾನ್ಸ್‌ಮೆಂಟ್ ಪ್ರೊಪೋಸಲ್', ಅಂದರೆ ಪೈಥಾನನ್ನು ಉತ್ತಮಪಡಿಸುವ ಪ್ರಸ್ತಾವ. ಇಂಗ್ಲಿಷಿನಲ್ಲಿ ಪೆಪ್ ಅಂದರೆ ಹುರುಪು; ಕಿವಿಗೆ ಹಿತ, ನಾಲಿಗೆಗೆ ಸಲೀಸು. ಅಲ್ಲಿಂದ ಮುಂದೆ ಶುರುವಾದದ್ದು ಅಂತ್ಯಪ್ರಾಸದ ಹಾವಳಿ. ಟಿಕಲ್ ಭಾಷೆಗೆ ಟಿಪ್, ಸ್ಕಾಲಾಗೆ ಸಿಪ್, ಜಾವಾಗೆ ಜೆಪ್, ಕಾಟ್ಲಿನ್‌ಗೆ ಕೀಪ್. ನಮ್ಮ ಷಟ್ಪದಿಕಾರರು ಆದಿಪ್ರಾಸಕ್ಕೆ ಒದ್ದಾಡಿದಷ್ಟೇ ಇವರು 'ಪ್' ಅಕ್ಷರಕ್ಕೆ ಒದ್ದಾಡಿದ್ದಾರೆ.

ಪೆಪ್ ಎಂಬ ಹೆಸರಿನಲ್ಲಿ ನನಗೆ ಹಿಡಿಸದ ಒಂದು ಅಂಶವಿದೆ. ಪ್ರಸ್ತಾವದ ಗುಣದೋಷ ಚರ್ಚೆಯಾಗುವ ಮೊದಲೇ ಅದಕ್ಕೆ 'ಉತ್ತಮಪಡಿಸುವುದು' ಅಂತ ಬಿರುದು ಕೊಟ್ಟಾಗಿದೆ. ವಿರೋಧಿಸುವವನು ಉನ್ನತಿಯ ವಿರೋಧಿಯಾಗಿಬಿಡುತ್ತಾನೆ. 594ನೆಯ ಪೆಪ್ ಕೇಳಿದ್ದು ಪೈಥಾನಿನ ಜತೆಗೆ ಬರುತ್ತಿದ್ದ ಹಳೆಯ ಮಾಡ್ಯೂಲುಗಳನ್ನು ಕಿತ್ತುಹಾಕಬೇಕೆಂದು, 2024ರ 3.13 ಆವೃತ್ತಿಯಲ್ಲಿ 19 ಮಾಡ್ಯೂಲುಗಳು ಹೋದವು. ಅದೂ 'ಎನ್‌ಹ್ಯಾನ್ಸ್‌ಮೆಂಟ್'! ಬೆಂಗಳೂರಿನಲ್ಲಿ ಮರ ಕಡಿಯುವುದಕ್ಕೂ ಅಭಿವೃದ್ಧಿ ಯೋಜನೆ ಅಂತಲೇ ಬೋರ್ಡು ಹಾಕುತ್ತಾರಲ್ಲ, ಹಾಗೆ. (ಆ ಮಾಡ್ಯೂಲುಗಳು ಹೋಗಬೇಕಾದವೇ, ಆ ಮಾತು ಬೇರೆ.)

ಇನ್ನೊಂದು, ಹೆಸರಿನಲ್ಲಿ 'ಯಾರು ತೀರ್ಮಾನಿಸುತ್ತಾರೆ' ಅನ್ನುವುದರ ಸುಳಿವೇ ಇಲ್ಲ. ಬಹಳ ಕಾಲ ಉತ್ತರ ಸುಲಭವಿತ್ತು. ಭಾಷೆಯ ಜನಕ ಗೀಡೊ ವಾನ್ ರಾಸಮ್ ಅವರಿಗೆ 'ಆಜೀವ ದಯಾಳು ಸರ್ವಾಧಿಕಾರಿ' ಎಂಬ ಅರ್ಥದ ಬಿರುದು ಇತ್ತು. 2018ರಲ್ಲಿ 572ನೆಯ ಪೆಪ್ ಮೇಲೆ ಜಗಳವೋ ಜಗಳ. ಒಂದು ಹೊಸ ಚಿಹ್ನೆ ಸೇರಿಸುವ ಬಗ್ಗೆ, ಅಷ್ಟೆ. ಅವರು ಅದನ್ನು ಅಂಗೀಕರಿಸಿದರು, ಜುಲೈ ತಿಂಗಳಲ್ಲಿ ಸರ್ವಾಧಿಕಾರವನ್ನೇ ಬಿಟ್ಟುಕೊಟ್ಟರು. ಈಗ ಚುನಾಯಿತರಾದ ಐದು ಜನರ ಮಂಡಳಿ ನೋಡಿಕೊಳ್ಳುತ್ತದೆ. ಆಳುವವರು ಬದಲಾದರು, ಕಾಗದದ ಹೆಸರು ಹಾಗೇ ಉಳಿಯಿತು.

ಈಗ ನಮ್ಮೂರಿಗೆ ಬರೋಣ. ಪಿಎಚ್‌ಪಿ ಭಾಷೆಯ ಜನಕ ರಾಸ್ಮಸ್ ಲೆರ್ಡಾರ್ಫ್ ಹುಟ್ಟಿದ್ದು ಗ್ರೀನ್‌ಲ್ಯಾಂಡಿನಲ್ಲಾದರೂ ಹೈಸ್ಕೂಲು ಓದಿದ್ದು ನಮ್ಮ ವಾನ್ ಪಕ್ಕದ ಕಿಂಗ್ ಸಿಟಿಯಲ್ಲಿ. 1993ರಲ್ಲಿ ಪದವಿ ಪಡೆದದ್ದು ವಾಟರ್ಲೂ ವಿಶ್ವವಿದ್ಯಾಲಯದಲ್ಲಿ. 1995ರಲ್ಲಿ ಅವರು ಲೋಕಕ್ಕೆ ಬಿಟ್ಟ ಪಿಎಚ್‌ಪಿಯ ಮೇಲೆ ಇವತ್ತಿಗೂ ಎಷ್ಟೋ ವೆಬ್‌ಸೈಟುಗಳು ನಿಂತಿವೆ. ಈ ಭಾಷೆಯವರು ಬದಲಾವಣೆಯ ಕಾಗದಕ್ಕೆ ಆಯ್ದುಕೊಂಡದ್ದು ಅದೇ ಹಳೆಯ ವಿನಯದ ಹೆಸರು, ಆರ್‌ಎಫ್‌ಸಿ. ಆದರೆ ಅಲ್ಲಿ ನಡೆಯುವುದು ಬಿನ್ನಹವಲ್ಲ, ಮತದಾನ! ಚರ್ಚೆಯಾಗಿ ಗಡುವು ಮುಗಿದ ಮೇಲೆ ಮತದ ಹಕ್ಕಿರುವವರು ಹೌದು, ಇಲ್ಲ ಅನ್ನುತ್ತಾರೆ. 2019ರಿಂದ ಮೂರನೇ ಎರಡರಷ್ಟು ಮತ ಬೀಳದೆ ಯಾವ ಬದಲಾವಣೆಯೂ ಆಗುವಂತಿಲ್ಲ. ಅಭಿಪ್ರಾಯ ಕೇಳುತ್ತಾರೆ ಅಂದುಕೊಂಡು ಬಂದವನಿಗೆ ಮತಪೆಟ್ಟಿಗೆ ಕಾಣಿಸುತ್ತದೆ, ಅದರಲ್ಲಿ ತನ್ನ ಚೀಟಿಗೆ ಜಾಗವಿಲ್ಲ ಅನ್ನುವುದೂ ಕಾಣಿಸುತ್ತದೆ. ಕನ್ನಡ ಸಂಘಗಳ ವಾರ್ಷಿಕ ಸಭೆಗೆ ಹೋದವರಿಗೆ ಇದರ ಸರಿಯಾದ ಹೆಸರು ಗೊತ್ತು: ಠರಾವು.

ಇದೇ ಪಿಎಚ್‌ಪಿಯಲ್ಲಿ ಹೆಸರಿನ ಮೇಲೇ ಒಂದು ಆರ್‌ಎಫ್‌ಸಿ ಬಂದು ಮತಕ್ಕೆ ಬಿದ್ದ ಕಥೆಯಿದೆ. ಐದನೆಯ ಆವೃತ್ತಿಯ ನಂತರ ಬರಬೇಕಾದ ಆರರಲ್ಲಿ ಜಗತ್ತಿನ ಎಲ್ಲ ಲಿಪಿಗಳಿಗೂ ಭಾಷೆಯೊಳಗೇ ಸ್ಥಾನ ಕೊಡುವ ಯೋಜನೆಯಿತ್ತು. ಅದು ತೀರಾ ಭಾರವಾಗಿ 2010ರಲ್ಲಿ ಕೈಬಿಟ್ಟರು. 2014ರಲ್ಲಿ ಹೊಸ ಆವೃತ್ತಿ ಸಿದ್ಧವಾಗತೊಡಗಿದಾಗ ಅದಕ್ಕೆ ಆರು ಅನ್ನುವುದೋ ಏಳು ಅನ್ನುವುದೋ? ಬಾರದೇ ಹೋದ ಆರರ ಬಗ್ಗೆ ಆಗಲೇ ಪುಸ್ತಕಗಳು ಅಂಗಡಿಗೆ ಬಂದಾಗಿತ್ತು! ಮತ ಹಾಕಿ ಏಳು ಅಂತ ತೀರ್ಮಾನಿಸಿದರು. ಹೀಗೆ ಪಿಎಚ್‌ಪಿಗೆ ಆರನೆಯ ಮಗು ಇಲ್ಲ. ನಮಗೆ ಇದರಿಂದ ಆದ ನಷ್ಟ ಸಣ್ಣದಲ್ಲ. ಪಿಎಚ್‌ಪಿಯ ಮಾಮೂಲಿ ಅಳತೆಗೋಲಿಗೆ 'ಕನ್ನಡ' ಎಂಬ ಪದ ಕೊಟ್ಟು ಉದ್ದ ಎಷ್ಟು ಅಂತ ಕೇಳಿ, 15 ಅನ್ನುತ್ತದೆ. ಅದು ಅಕ್ಷರ ಎಣಿಸುವುದಿಲ್ಲ, ಬೈಟುಗಳನ್ನು ಎಣಿಸುತ್ತದೆ. ಕ, ನ, ವಿರಾಮ, ನ, ಡ ಎಂಬ ಐದು ಸಂಕೇತಗಳು, ಒಂದೊಂದಕ್ಕೆ ಮೂರು ಬೈಟು. ಸರಿಯಾಗಿ ಎಣಿಸಲು ಬೇರೆ ಅಳತೆಗೋಲುಗಳಿವೆ, ಗೊತ್ತಿದ್ದವರು ಬಳಸುತ್ತಾರೆ.

ಹೆಸರುಗಳ ವೈಭವ ನೋಡಬೇಕಾದರೆ ಪರ್ಲ್ ಭಾಷೆಗೇ ಹೋಗಬೇಕು. 2000ದಲ್ಲಿ ಪರ್ಲ್ 6 ಬರಲಿದೆ ಅಂದಾಗ ಯಾರು ಬೇಕಾದರೂ ಬರೆದು ಕಳಿಸಿ ಅಂದರು. ಬಂದದ್ದು 361 ಆರ್‌ಎಫ್‌ಸಿಗಳು! ಒಬ್ಬ ಬೇಕು ಅಂದದ್ದನ್ನೇ ಇನ್ನೊಬ್ಬ ಬೇಡ ಅಂದಿದ್ದ. ಅವನ್ನೆಲ್ಲ ಓದಿ ಉತ್ತರ ಬರೆಯಲು ಕೂತ ಭಾಷೆಯ ಕರ್ತೃ ಲ್ಯಾರಿ ವಾಲ್ ತಮ್ಮ ಉತ್ತರಗಳಿಗೆ 'ಅಪೊಕಲಿಪ್ಸ್' ಅಂತ ಹೆಸರಿಟ್ಟರು. ಪ್ರಳಯ ಅನ್ನುವ ಅರ್ಥ ಜನಪ್ರಿಯವಾದರೂ ಗ್ರೀಕ್ ಮೂಲದಲ್ಲಿ ಅದು ಮುಸುಕು ತೆಗೆದು ತೋರಿಸುವುದು. ನಮ್ಮ ಮಾತಿನಲ್ಲಿ ದರ್ಶನ. ಅದಕ್ಕೆ ಡೇಮಿಯನ್ ಕಾನ್ವೇ ಬರೆದ ವಿವರಣೆಗಳಿಗೆ 'ಎಕ್ಸಿಜೀಸಿಸ್', ಅಂದರೆ ವ್ಯಾಖ್ಯಾನ. ಸಾರಾಂಶಕ್ಕೆ 'ಸಿನಾಪ್ಸಿಸ್'. ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಸೂತ್ರ, ವೃತ್ತಿ, ಪ್ರಯೋಗ ಇದ್ದಹಾಗೆ! ಕಿವಿಗೆ ಸೊಗಸು, ನಿಜ. ಆದರೆ ದರ್ಶನದ ಮೇಲೆ ತಿದ್ದುಪಡಿ ಸೂಚಿಸಲು ಯಾರಿಗೆ ಧೈರ್ಯ? ಜನ ಬಾಗಿಲು ತಟ್ಟಿದ್ದು 'ಅಭಿಪ್ರಾಯ ತಿಳಿಸಿ' ಎಂಬ ಫಲಕ ನೋಡಿ ಅಂತಿಟ್ಟುಕೊಂಡರೆ, ಒಳಗೆ ಹೋದಮೇಲೆ ಕಂಡದ್ದು ಗರ್ಭಗುಡಿ.

2005ರ ಜೂನ್ ಕೊನೆಯಲ್ಲಿ ಪರ್ಲಿನವರ ಉತ್ತರ ಅಮೆರಿಕಾ ಸಮ್ಮೇಳನ ನಡೆದದ್ದು ಇದೇ ಟೊರಾಂಟೊದಲ್ಲಿ. ಐದು ವರ್ಷವಾದರೂ ಪರ್ಲ್ 6 ಬಂದಿರಲಿಲ್ಲ. ಅದೇ ವರ್ಷದ ಫೆಬ್ರವರಿಯಲ್ಲಿ ತೈವಾನಿನ ಆಡ್ರಿ ಟ್ಯಾಂಗ್ 'ಪಗ್ಸ್' ಎಂಬ ಹೆಸರಿನಲ್ಲಿ, ಯಾವ ದರ್ಶನಕ್ಕೂ ಕಾಯದೆ, ಪರ್ಲ್ 6ನ್ನು ಕಟ್ಟಲು ಶುರುಮಾಡಿದ್ದರು. ಸಮ್ಮೇಳನದ ಹೊತ್ತಿಗೆ ಟೊರಾಂಟೊದಲ್ಲಿ ಆ ಗುಂಪು ಒಟ್ಟಿಗೆ ಕೂತು ಕೋಡ್ ಬರೆಯಿತು. ಕೊನೆಗೂ ಪರ್ಲ್ 6 ಹೊರಬಂದದ್ದು 2015ರ ಕ್ರಿಸ್‌ಮಸ್ ದಿನ; 2019ರಲ್ಲಿ ಅದು ಪರ್ಲ್ ಎಂಬ ಮನೆತನದ ಹೆಸರನ್ನೇ ಬಿಟ್ಟು 'ರಾಕು' ಆಯಿತು.

ಹಳೆಯ ಪರ್ಲ್ 5 ಮಾತ್ರ ತಣ್ಣಗೆ ನಡೆದುಕೊಂಡು ಬಂತು. 2021ರಲ್ಲಿ ಅದಕ್ಕೂ ಬದಲಾವಣೆ ಕೇಳುವ ಕ್ರಮವೊಂದನ್ನು ಗೊತ್ತುಮಾಡಿದರು. ಮೊದಲು ಅದನ್ನೂ ಆರ್‌ಎಫ್‌ಸಿ ಎಂದೇ ಕರೆದರು. ಆಮೇಲೆ ಹೆಸರು ಬದಲಾಗಿ ಪಿಪಿಸಿ ಆಯಿತು. ಅಂದರೆ 'ಪರ್ಲಿಗೆ ಸೂಚಿತವಾದ ಬದಲಾವಣೆ', ಅಷ್ಟೆ. ಪೆಪ್ ಅನ್ನುವ ಹಾಗಿಲ್ಲ, ಅದು ಪೈಥಾನಿನವರ ಸ್ವತ್ತಾಗಿದೆ. ಪಿಪಿಸಿಯಲ್ಲಿ ಪ್ರಾಸವಿಲ್ಲ, ಹುರುಪಿಲ್ಲ, ಕೈಮುಗಿಯುವುದಿಲ್ಲ, ಉತ್ತಮಪಡಿಸುತ್ತೇನೆ ಅನ್ನುವ ಜಂಬವೂ ಇಲ್ಲ. ಬದಲಾವಣೆಯೆಂದರೆ ಬದಲಾವಣೆ, ಒಳ್ಳೆಯದೋ ಕೆಟ್ಟದ್ದೋ ಚರ್ಚೆಯಾದ ಮೇಲೆ ಗೊತ್ತಾಗುತ್ತದೆ. ನಾನು ನೋಡಿದ ಹೆಸರುಗಳಲ್ಲಿ ನನಗೆ ಅತ್ಯಂತ ಪ್ರಾಮಾಣಿಕ ಅನ್ನಿಸಿದ್ದು ಈ ಸಪ್ಪೆ ಹೆಸರೇ. ಕನ್ನಡದಲ್ಲಿ ಹೇಳುವುದಾದರೆ 'ತಿದ್ದುಪಡಿ ಸೂಚನೆ'.

ಸಿ ಪ್ಲಸ್ ಪ್ಲಸ್ ಭಾಷೆಯವರದ್ದು ಇನ್ನೂ ಸಪ್ಪೆ: 'ಪೇಪರ್'. ಒಂದು ಅಕ್ಷರ, ಒಂದು ಸಂಖ್ಯೆ. ಆದರೆ ಪೇಪರ್ ಅಂದಮೇಲೆ ಸಭೆಯಲ್ಲಿ ಮಂಡಿಸಬೇಕು, ಮಂಡಿಸಲು ಯಾರಾದರೂ ವಿಮಾನ ಹತ್ತಿ ಬರಬೇಕು. 2017ರ ಜುಲೈನಲ್ಲಿ ಆ ಸಮಿತಿ ಟೊರಾಂಟೊದಲ್ಲಿ ಸೇರಿತ್ತು. 2009ರಲ್ಲಿ ಕಿತ್ತುಹಾಕಿದ್ದ 'ಕಾನ್ಸೆಪ್ಟ್ಸ್' ಎಂಬ ಸೌಲಭ್ಯ, ಬೇರೆ ರೂಪದಲ್ಲಿ, ಇಲ್ಲಿ ಸಿ ಪ್ಲಸ್ ಪ್ಲಸ್ 20ರ ಕರಡಿಗೆ ಸೇರಿತು. ಎಂಟು ವರ್ಷ ತೆಗೆದುಕೊಂಡ ಪೇಪರು!

ಇನ್ನು ಕಾಗದ ಕೊಡುವ ಕಿಟಕಿಯೇ ಇಲ್ಲದ ಭಾಷೆಯೂ ನಮ್ಮಲ್ಲಿತ್ತು. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ರಿಕ್ ಹೋಲ್ಟ್ ಮತ್ತು ಜೇಮ್ಸ್ ಕಾರ್ಡಿ 1982ರಲ್ಲಿ ರೂಪಿಸಿದ 'ಟ್ಯೂರಿಂಗ್'. ಒಂಟಾರಿಯೋ ಹೈಸ್ಕೂಲುಗಳಲ್ಲಿ ಕಲಿಸುತ್ತಿದ್ದ ಭಾಷೆ. ನಮ್ಮವರ ಎಷ್ಟೋ ಮಕ್ಕಳು ಮೊದಲ ಪ್ರೋಗ್ರಾಮು ಬರೆದದ್ದು ಅದರಲ್ಲೇ ಇದ್ದೀತು. ಅದು ಒಂದು ಕಂಪನಿಯ ಕೈಯಲ್ಲಿತ್ತು. 2007ರಲ್ಲಿ ಕಂಪನಿ ಬಾಗಿಲು ಹಾಕಿತು, ಭಾಷೆಯನ್ನು ಪುಕ್ಕಟೆ ಕೊಟ್ಟಿತು, ಬೆಳವಣಿಗೆ ನಿಂತಿತು.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಈ ಕಿಟಕಿಗಳ ಮುಂದೆ ಕನ್ನಡವೂ ನಿಂತಿದೆ. ಪ್ರೋಗ್ರಾಮು ಬರೆಯುವಾಗ ಬೆಲೆಗಳಿಗೆ ಹೆಸರು ಕೊಡುತ್ತೇವೆ: ಟೋಟಲ್, ಕೌಂಟ್ ಹೀಗೆ. ಶನಿವಾರದ ಕನ್ನಡ ತರಗತಿಯ ಮಕ್ಕಳಿಗೆ 'ಮೊತ್ತ' ಅಂತಲೇ ಹೆಸರಿಟ್ಟು ಲೆಕ್ಕ ಮಾಡಿಸಬೇಕು ಅನ್ನಿ. ಪಿಎಚ್‌ಪಿಯಲ್ಲಿ ಆಗುತ್ತದೆ. ಯಾರೂ ಕೇಳಿದ್ದರಿಂದಲ್ಲ, ಅದು ಇಂಗ್ಲಿಷೇತರ ಬೈಟುಗಳನ್ನು ಏನು ಎತ್ತ ಅಂತ ವಿಚಾರಿಸದೆ ಒಳಗೆ ಬಿಟ್ಟುಕೊಳ್ಳುತ್ತದೆ. ಪೈಥಾನಿನಲ್ಲೂ ಆಗುತ್ತದೆ, ಆದರೆ ಅದಕ್ಕೊಂದು ಕಾಗದವಿದೆ: 2007ರ 3131ನೆಯ ಪೆಪ್. ಓದಲು ಕಷ್ಟವಾದೀತು, ಒಂದೇ ಥರ ಕಾಣುವ ಅಕ್ಷರಗಳಿಂದ ಮೋಸವಾದೀತು ಅಂತ ಆಕ್ಷೇಪಣೆಗಳು ಬಂದವು. ಆದರೂ ಅಂಗೀಕಾರವಾಯಿತು, 2008ರ ಕೊನೆಗೆ ಬಂದ ಪೈಥಾನ್ 3ರಲ್ಲಿ ಸೇರಿತು. ಬರೆದವರು ಜರ್ಮನಿಯ ಮಾರ್ಟಿನ್ ಫಾನ್ ಲೊವಿಸ್, ನಮ್ಮವರಲ್ಲ.

ಗೂಗಲ್‌ನ ಗೋ ಭಾಷೆಯಲ್ಲಿ ಆಗುವುದಿಲ್ಲ. ಅಲ್ಲಿ ಹೆಸರಿನೊಳಗೆ 'ಅಕ್ಷರ' ಮತ್ತು 'ಅಂಕಿ' ಮಾತ್ರ ಬರಬಹುದು. ನಮ್ಮ ಕಾಗುಣಿತದ ಚಿಹ್ನೆಗಳು, ವಿರಾಮ, ಅನುಸ್ವಾರ ಇವು ಯೂನಿಕೋಡಿನ ವರ್ಗೀಕರಣದಲ್ಲಿ ಅಕ್ಷರಗಳಲ್ಲ, ಕೂಡುಚಿಹ್ನೆಗಳು. ಪರಿಣಾಮ ಕೇಳಿ: 'ಬಸವ' ಸಲ್ಲುತ್ತದೆ, 'ಅಲ್ಲಮ' ಸಲ್ಲುವುದಿಲ್ಲ. ಪಂಪ, ಪೊನ್ನ, ರನ್ನ ಮೂವರೂ ಹೊರಗೆ! ಒಳಗೆ ಬಂದ ಬಸವನಿಗೂ ಪೂರ್ತಿ ಸ್ವಾತಂತ್ರ್ಯವಿಲ್ಲ. ಬೇರೆ ಪ್ಯಾಕೇಜಿನವರಿಗೆ ಕಾಣಿಸಬೇಕಾದರೆ ಹೆಸರು ದೊಡ್ಡಕ್ಷರದಿಂದ ಶುರುವಾಗಬೇಕು, ಕನ್ನಡದಲ್ಲಿ ದೊಡ್ಡಕ್ಷರ ಎಲ್ಲಿದೆ? ಇದು ಅಜಾಗರೂಕತೆಯಲ್ಲ. ಕೂಡುಚಿಹ್ನೆಗಳನ್ನು ಬುದ್ಧಿಪೂರ್ವಕವಾಗಿಯೇ ಬಿಟ್ಟಿದ್ದೇವೆ, ಅದರಿಂದ ದೇವನಾಗರಿಯಂಥವು ಹೊರಗುಳಿಯುತ್ತವೆ ಅಂತ ಗೋ ಭಾಷೆಯವರೇ ತಮ್ಮ ಪ್ರಶ್ನೋತ್ತರ ಪುಟದಲ್ಲಿ ಬರೆದಿದ್ದಾರೆ. ಅಲ್ಲಿಯೂ ಬದಲಾವಣೆ ಕೇಳುವ ಕ್ರಮವಿದೆ, ಹೆಸರು ಬರೀ 'ಪ್ರೊಪೋಸಲ್'. ಮಿಸಿಸಾಗಾ, ಬ್ರಾಂಪ್ಟನ್‌ನ ನಮ್ಮ ಹುಡುಗರು ದಿನವಿಡೀ ಈ ಭಾಷೆಗಳಲ್ಲೇ ಕೆಲಸ ಮಾಡುತ್ತಾರೆ. ಆದರೆ ಆ ಕಾಗದ ತಾವೂ ಬರೆಯಬಹುದು ಅಂತ ಅವರಿಗೆ ಹೊಳೆಯುವುದೇ ಇಲ್ಲ. ಅದೆಲ್ಲ ಯಾರೋ ದೊಡ್ಡವರ ಕೆಲಸ ಅಂದುಕೊಂಡಿರುತ್ತಾರೆ. ಕ್ರಾಕರ್ ಬಚ್ಚಲುಮನೆಯಲ್ಲಿ ಕೂತು ಹೆದರಿದ್ದೂ ಇದೇ 'ದೊಡ್ಡವರಿಗೆ'.

ಎಲ್ಲ ಭಾಷೆಗಳೂ ಅಕ್ಷರದ ವಿಷಯಕ್ಕೆ ನೆಚ್ಚುವುದು ಯೂನಿಕೋಡನ್ನು. ಅಲ್ಲಿ ಕೊಡುವ ಕಾಗದದ ಹೆಸರೂ 'ಪ್ರೊಪೋಸಲ್'. ಅದರ ಜೊತೆಗಿನ ನಮೂನೆಯಲ್ಲಿ ನನಗೆ ಮೆಚ್ಚಿಗೆಯಾದ ಒಂದು ಪ್ರಶ್ನೆಯಿದೆ: ಈ ಅಕ್ಷರ ಬಳಸುವ ಸಮುದಾಯದವರನ್ನು ವಿಚಾರಿಸಿದ್ದೀರಾ? ಈ ದಾರಿಯಲ್ಲೇ 2021ರ 14ನೆಯ ಆವೃತ್ತಿಗೆ ಹಳೆಯ 'ನಕಾರ ಪೊಲ್ಲು' ಬಂದು ಸೇರಿತು. ಆದರೆ ಮೊದಲಿಂದ ಇರುವ ೞ ಅಕ್ಷರದ ಕಥೆ ಬೇರೆ. ಏೞು, ಬಾೞ್ ಮುಂತಾದ ಹಳಗನ್ನಡ ಪದಗಳಲ್ಲಿ ನೀವು ಕಂಡಿರುವ, ಶಬ್ದಮಣಿದರ್ಪಣ 'ರೞ' ಅಂತ ಗುರುತಿಸುವ ಅಕ್ಷರ. ಯೂನಿಕೋಡಿನಲ್ಲಿ ಅದಕ್ಕೆ ಕೊಟ್ಟ ಅಧಿಕೃತ ಹೆಸರು 'ಕನ್ನಡ ಲೆಟರ್ ಫ'! ಫಕಾರಕ್ಕೂ ಇದಕ್ಕೂ ಯಾವ ನಂಟೂ ಇಲ್ಲ. ಹೆಸರು ತಪ್ಪು ಅಂತ ಯೂನಿಕೋಡಿನವರೂ ತಮ್ಮ ಪಟ್ಟಿಯಲ್ಲೇ ಒಪ್ಪಿಕೊಂಡಿದ್ದಾರೆ. ಆದರೆ ಒಮ್ಮೆ ಕೊಟ್ಟ ಹೆಸರನ್ನು ಎಂದೆಂದಿಗೂ ಬದಲಾಯಿಸುವುದಿಲ್ಲ ಅನ್ನುವುದು ಅವರ ನಿಯಮ. ಅದನ್ನೇ ನೆಚ್ಚಿದ ಪ್ರೋಗ್ರಾಮುಗಳು ಮುರಿಯಬಾರದು ಅಂತ.

ಅದಕ್ಕೆ ಅವರು ಹುಡುಕಿದ ಉಪಾಯ ಒಂದು ಪ್ರತ್ಯೇಕ ಪಟ್ಟಿ, ತಿದ್ದಿದ ಅಡ್ಡಹೆಸರುಗಳದ್ದು. ಅದರಲ್ಲಿ ೞ ಅಕ್ಷರಕ್ಕೆ ಮೂರು 'ಎಲ್' ಒಂದು 'ಎ' ಇರುವ ಹೆಸರಿದೆ. ಮನೆಯಲ್ಲಿ ಪೈಥಾನ್ ಇದ್ದವರು ಪರೀಕ್ಷಿಸಿ ನೋಡಬಹುದು. ೞ ಕೊಟ್ಟು ನಿನ್ನ ಹೆಸರೇನು ಅಂತ ಕೇಳಿದರೆ ಇಂದಿಗೂ 'ಫ' ಎಂದೇ ಉತ್ತರ. ಆದರೆ ಮೂರು ಎಲ್‌ಗಳ ಹೆಸರು ಹಿಡಿದು ಕರೆದರೆ, 2012ರ 3.3 ಆವೃತ್ತಿಯಿಂದೀಚೆಗೆ, ೞ ಓಗೊಡುತ್ತದೆ.